ಕ್ಷಮೆ ಪಡೆದ ಹೆಬ್ಬಾತು

ಅಕ್ಟೋಬರ್ ೧೮, ಸಂತ ಲೂಕನ ದಿನ

ಪ್ರಾರ್ಥನೆ. ಬಟಾಣಿ ಗಂಜಿ. ಉಪ್ಪುಮೀನು. ಮತ್ತೆ ಪ್ರಾರ್ಥನೆ. ಕೀರ್ತನೆಗಳನ್ನು ನಕಲು ಮಾಡಲೆಂದು ಪಾದ್ರಿ ಗೊಸ್ಲಾವ್ ಕೊಟ್ಟ ಹಾಳೆಗಳಲ್ಲಿ ಮೂರು ಮಾತ್ರ ಕೀರ್ತನೆಗೆ ಹೋಗಿವೆ. ಉಳಿದವನ್ನು ಇದಕ್ಕೆ ಇಟ್ಟುಕೊಂಡೆ. ದೇವರ ಹತ್ತಿರ ಈಗಾಗಲೇ ಬೇಕಾದಷ್ಟು ಪ್ರತಿಗಳಿವೆ.

ಈ ದಿನದ ರಾಜಕಾರ್ಯ: ದೊರೆಯ ಪೆಟ್ಟಿಗೆಯಿಂದ, ಉಜ್ಜಿದರೆ ಕೂದಲನ್ನು ಸೆಳೆಯುವ ಕಡಲಿನ ಹಳದಿ ಕಲ್ಲೊಂದನ್ನು ಎರವಲು ಪಡೆಯಲಾಯಿತು. ಉಣ್ಣೆಯ ತೋಳಿಗೆ ಚೆನ್ನಾಗಿ ಉಜ್ಜಲಾಯಿತು. ಪಾದ್ರಿ ಮಂಡಿಯೂರಿ ಓದುತ್ತಿದ್ದಾಗ ಹಿಂದಿನಿಂದ ಅವರ ತಲೆಯ ಹತ್ತಿರ ಹಿಡಿಯಲಾಯಿತು. ಅಲ್ಲಿ ಉಳಿದಿರುವ ಏಳು ಕೂದಲು — ಎಣಿಸಿದ್ದೇನೆ — ಸುವಾರ್ತೆ ಓದುವಾಗ ಸಭೆ ಎದ್ದು ನಿಲ್ಲುವಂತೆ ಒಂದೊಂದಾಗಿ ಎದ್ದು ನಿಂತವು. ಓಫ್ಕ ಕೆಮ್ಮಿದಳು. ಓಫ್ಕಳ ಕೆಮ್ಮು ನನ್ನ ಪಾಲಿಗೆ ಚಪ್ಪಾಳೆ. ದೊರೆಯ ಮೊದಲ ಹೆಂಡತಿಗೂ ತಲೆ ಬಾಚಿದ ಮುದುಕಿ ಅವಳು. ಆ ಪುಣ್ಯಾತ್ಗಿತ್ತಿಯ ಕಾಲದಲ್ಲಿ ಒಮ್ಮೆಯೂ ಕೆಮ್ಮಿರಲಿಲ್ಲವಂತೆ.

ಈ ಕೋಟೆಗೆ ಬಂದು ಎರಡು ವರ್ಷ. ವಯಸ್ಸು ಹದಿನೆಂಟು. ಮಗುವಿಲ್ಲ. ಒಳನಾಡಿನ ಹುಡುಗಿ, ಮೀನು ತಿನ್ನಲೂ ಬಾರದು, ಅಂತ ನಗುತ್ತಿದ್ದರು. ನನ್ನನ್ನು ನೋಡಿ ನಗುವುದಕ್ಕಿಂತ ನಾನು ನಗಿಸಿದ್ದಕ್ಕೆ ನಗಲಿ — ಇದೇ ನನ್ನ ರಾಜನೀತಿ.

ಅಕ್ಟೋಬರ್ ೨೦

ಕಲ್ಲನ್ನು ಹಿಂದಕ್ಕೆ ಇಡುವಾಗ ಓಫ್ಕ ನೋಡಿಬಿಟ್ಟಳು. ಎಂದೂ ಗದರದವಳು ಗದರಿದಳು. ಬಿರುಗಾಳಿಯಾದ ಮೇಲೆ ಕಡಲು ದಡಕ್ಕೆ ಎಸೆಯುವ ಈ ಹಳದಿ ಕಲ್ಲಿಗೆ ಚಿನ್ನದ ಬೆಲೆ, ಅದೆಲ್ಲ ದೊರೆಯದು. ಬಗ್ಗಿ ಎತ್ತಿಕೊಂಡವನಿಗೆ ನೇಣು. ಹೋದ ವರ್ಷ ಇಬ್ಬರು ನೇತಾಡಿದರು. ಈಗ ಸುಲಿಕ ಎಂಬ ಬೆಸ್ತ ಒಂದು ಕಲ್ಲನ್ನು ಬೂಟಿನಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದು, ಕಾವಲಿನವರಿಂದ ತಪ್ಪಿಸಿಕೊಂಡು ಬಂದರಿನ ಚರ್ಚಿನೊಳಗೆ ಹೊಕ್ಕಿದ್ದಾನೆ. ಅಲ್ಲಿ ನಲವತ್ತು ದಿನ ಯಾರೂ ಮುಟ್ಟುವಂತಿಲ್ಲ. ನಲವತ್ತು ತುಂಬಿದ ದಿನ ಹಡಗು ಹತ್ತಿ ದೇಶ ಬಿಡಬೇಕು. ತಿರುಗಿ ಬಂದರೆ ಕೊರಳಿಗೆ ಹಗ್ಗ.

ನೀವು ಆಟಕ್ಕೆ ಉಜ್ಜಿದ್ದು ಇನ್ನೊಬ್ಬರ ಕೊರಳು ಅಮ್ಮಣ್ಣಿ, ಅಂದಳು. ಚೆನ್ನಾಗಿ ಹೇಳಿದಳು ಅಂತ ಬರೆದಿಟ್ಟುಕೊಂಡೆ.

ಅಕ್ಟೋಬರ್ ೨೮

ಊಟಕ್ಕೆ ನಮ್ಮ ದೊರೆ, ನನ್ನ ಗಂಡ, ಘನತೆವೆತ್ತ ಡ್ಯೂಕ್ ಸಂಬೊರ್ ನನ್ನ ಪಕ್ಕದಲ್ಲಿ. ನಲವತ್ತೆರಡು ವರ್ಷ. ನಕ್ಕರೆ ಗಡ್ಡದ ಎಡಭಾಗ ಮಾತ್ರ ಅಲುಗುತ್ತದೆ. ಇವತ್ತು ಅಲುಗಲಿಲ್ಲ. ಗಂಭೀರ ವಿಷಯ.

ಸಂತ ಮಾರ್ಟಿನನ ಹಬ್ಬದ ಸಭೆ. ಬಾತು ಕೊಯ್ದು ಬಡಿಸುವ ಮುಂಚೆ ಡ್ಯೂಕನ ಹೆಂಡತಿ ತಲೆಗೂದಲು ಬಿಚ್ಚಿ, ನಡುಪಟ್ಟಿ ಕಳಚಿ, ಬರಿಗಾಲಲ್ಲಿ ಬಂದು ಗಂಡನ ಮುಂದೆ ಮಂಡಿಯೂರಿ ಒಂದು ಬಿನ್ನಹ ಮಾಡಬೇಕು. ವರ್ಷಕ್ಕೆ ಒಂದೇ. ಏನು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ. ಮೊದಲ ವರ್ಷ ನನಗೆ ಜ್ವರ. ಹೋದ ವರ್ಷ ಅವರು ಗಡಿಯಲ್ಲಿ ಯುದ್ಧದಲ್ಲಿದ್ದರು. ಈ ಸಲ ನಾನೇ.

ಯಾರ ಪರವಾಗಿ ಕೇಳಬೇಕು ಅಂತ ಕೇಳಿದೆ.

"ಅದನ್ನ ನಾನು ಹೇಳೋ ಹಾಗಿಲ್ಲ. ನಾನೇ ಹೇಳ್ಕೊಟ್ರೆ ನನ್ನನ್ನ ನಾನೇ ಬೇಡ್ಕೊಂಡ ಹಾಗೆ," ಅಂದರು. "ನಿನ್ನ ಹತ್ರಾನೇ ಬರುತ್ತೆ. ಬಂದಾಗ ಸರಿಯಾಗಿ ನೋಡು."

ಸರಿಯಾಗಿ ನೋಡು, ಅಂದರು. ಇದನ್ನೂ ಬರೆದಿಟ್ಟಿದ್ದೇನೆ.

ನವೆಂಬರ್ ೨, ಸತ್ತವರ ಹಬ್ಬ

ದಿನವಿಡೀ ಗಂಟೆ. ನನ್ನ ಪ್ರಾರ್ಥನಾ ಕೋಣೆಯ ಹೊಸ್ತಿಲ ಮೇಲೆ ಒಂದು ವಿಚಿತ್ರ ಸಾಮಾನು ಬಿದ್ದಿತ್ತು. ಗೇಣುದ್ದದ ಮೂಳೆಯ ಸೂಜಿ. ಹಳೆಯದು, ಹಿಡಿಯುವ ಜಾಗ ಸವೆದು ಬೆಣ್ಣೆಯಂತಾಗಿದೆ. ಬೆಸ್ತರು ಬಲೆ ಹೆಣೆಯುವಂಥದ್ದು. ಯಾವಳೋ ಮೀನು ತಂದವಳ ಸೆರಗಿನಿಂದ ಉದುರಿರಬೇಕು.

ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬರುವುದಿಲ್ಲ. ಇಂಥ ಆಯುಧ ದೇವರೇ ಕಳಿಸಿದ್ದು. ಎತ್ತಿಕೊಂಡೆ.

ನವೆಂಬರ್ ೩, ಬೆಳಗಿನ ಪ್ರಾರ್ಥನೆಯ ನಂತರ

ಸಕಲರಿಗೂ ತಿಳಿಯತಕ್ಕದ್ದೇನೆಂದರೆ, ಪಾದ್ರಿ ಗೊಸ್ಲಾವ್ ಅವರ ಮೇಲಂಗಿಯ ಎರಡು ತೋಳುಗಳ ತುದಿಯನ್ನು, ಅದು ಮೊಳೆಗೆ ನೇತಾಡುತ್ತಿದ್ದ ವೇಳೆ, ಮೂಳೆಯ ಸೂಜಿಯಿಂದ ಹೊಲಿದು ಮುಚ್ಚಲಾಗಿದೆ. ಅವರು ತಲೆ ತೂರಿಸಿದರು. ಕೈ ತೂರಿಸಿದರು. ಕೈ ಹೊರಗೆ ಬರಲಿಲ್ಲ. ರೆಕ್ಕೆ ಬಡಿಯುತ್ತ ಬಲಿಪೀಠದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಓಫ್ಕ ಎಷ್ಟು ಕೆಮ್ಮಿದಳೆಂದರೆ ಹೊರಗೆ ಕಳಿಸಬೇಕಾಯಿತು.

ನಷ್ಟ: ಉಣ್ಣೆ ದಪ್ಪ, ಅದೂ ಎರಡು ಮಡಿಕೆ, ಸೂಜಿಯ ತುದಿ ಮುರಿಯಿತು. ಸೂಜಿಯನ್ನು ಕಿಟಕಿಯ ಗೂಡಿನಲ್ಲಿ ಬಿಸಾಕಿದೆ.

ನವೆಂಬರ್ ೬

ಇವತ್ತು ಸಂತ ಲೆಯೊನಾರ್ಡನ ದಿನ, ಸೆರೆಯಾಳುಗಳನ್ನು ಕಾಯುವವನು. ನನ್ನ ಹತ್ತಿರ ಯಾರೂ ಬಂದಿಲ್ಲ. ನಮ್ಮೂರಲ್ಲಾದರೆ ಈ ಹೊತ್ತಿಗೆ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು — ನನ್ನ ಮಗ, ನನ್ನ ಎತ್ತು, ನನ್ನ ಹೊಲ. ಇಲ್ಲಿಯವರು ಮೀನಿನಂತೆ, ಬಾಯಿ ತೆರೆದರೂ ಸದ್ದಿಲ್ಲ. ಒಳನಾಡಿನ ಹುಡುಗಿಯ ಹತ್ತಿರ ಏನು ಕೇಳುವುದು ಅಂದುಕೊಂಡಿರಬೇಕು. ನೋವಾಯಿತು, ಸ್ವಲ್ಪ. ಬರೆಯಬಾರದಿತ್ತು.

ಹಾಗಾದರೆ ನಾನೇ ಒಬ್ಬ ಆರೋಪಿಯನ್ನು ಹುಡುಕಿಕೊಳ್ಳುತ್ತೇನೆ. ಅಂಗಳದಲ್ಲಿ ಒಂದು ಬಿಳಿ ಹೆಬ್ಬಾತು ಇದೆ. ಎದೆಯುಬ್ಬಿಸಿ ನಡೆಯುವ ಠೀವಿ ನೋಡಿ ಮಠದಮ್ಮ ಅಂತ ಹೆಸರಿಟ್ಟಿದ್ದೇನೆ. ಹಬ್ಬದ ದಿನ ಅದರ ಕುತ್ತಿಗೆಗೆ ಕತ್ತಿ.

ಯೋಚನೆ ಬಂದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನವೆಂಬರ್ ೧೦

ಬಿನ್ನಹದ ಮಾತನ್ನು ಬಾಯಿಪಾಠ ಮಾಡುತ್ತಿದ್ದೇನೆ. ಯಾರಿಗೂ ಹೇಳಿಲ್ಲ. ಓಫ್ಕ ಮಧ್ಯಾಹ್ನ ತಲೆ ಬಾಚುತ್ತ ಬಂದರಿನ ಸುದ್ದಿ ಹೇಳಿದಳು. ಆ ಬೆಸ್ತ ಸುಲಿಕ ಇವತ್ತು ಚರ್ಚಿನಿಂದ ತಾನಾಗಿಯೇ ಹೊರಗೆ ಬಂದು ಕಾವಲಿನವರಿಗೆ ಕೈ ಒಡ್ಡಿದನಂತೆ. ಇನ್ನೂ ಎಂಟು ದಿನ ಬಾಕಿಯಿತ್ತು. ಹಡಗೂ ಗೊತ್ತುಮಾಡಿ ಆಗಿತ್ತು. ಅವನಿಗೇನು ತಲೆ ಕೆಟ್ಟಿದೆಯೇ ಅಂದೆ. ಓಫ್ಕ ಕನ್ನಡಿಯೊಳಗೆ ನನ್ನನ್ನು ನೋಡಿ ನಕ್ಕಳು. ಕೆಮ್ಮಲಿಲ್ಲ, ನಕ್ಕಳು. ಕೆನ್ನೆ ಸವರಿದಳು.

"ಇವತ್ತು ಇಡೀ ಬಂದರು ನಿಮ್ಮ ಹೆಸರು ಹೇಳ್ಕೊಂಡು ದೀಪ ಹಚ್ಚುತ್ತೆ ಅಮ್ಮಣ್ಣಿ," ಅಂದಳು.

ಬಾತಿನ ವಿಷಯ ಇವಳಿಗೆ ಹೇಗೆ ಗೊತ್ತಾಯಿತು?

ನವೆಂಬರ್ ೧೧, ಸಂತ ಮಾರ್ಟಿನನ ಹಬ್ಬ. ಊಟದ ನಂತರ

ಜಯ. ನಗುತ್ತಲೇ ಬರೆಯುತ್ತಿದ್ದೇನೆ.

ಕೂದಲು ಬಿಚ್ಚಿ ಬರಿಗಾಲಲ್ಲಿ ಹೋದೆ. ಕಲ್ಲು ಮಂಜುಗಡ್ಡೆ. ಇಡೀ ಸಭೆ ಎದ್ದು ನಿಂತಿತ್ತು. ಮಂಡಿಯೂರಿದೆ. ಕಣ್ಣಲ್ಲಿ ನೀರೂ ತಂದುಕೊಂಡೆ — ಅದಕ್ಕೆ ಉಪಾಯವಿದೆ, ತೊಡೆ ಚಿವುಟಿಕೊಂಡರಾಯಿತು.

"ದೊರೆಯೇ, ಸಾವಿನ ಬಾಗಿಲಲ್ಲಿ ನಿಂತಿರುವ ಒಂದು ಜೀವಕ್ಕಾಗಿ ಬೇಡುತ್ತೇನೆ," ಅಂದೆ. ಹಿಂದೆ ಯಾರೋ ಬಿಕ್ಕಿದರು. ಮುಂದುವರಿಸಿದೆ. ಈ ಕೋಟೆಯ ಅಂಗಳದಲ್ಲೇ ಹುಟ್ಟಿ, ಯಾರ ಹೊಲಕ್ಕೂ ನುಗ್ಗದೆ, ಮೇಲ್ವಿಚಾರಕರ ಕಾಲನ್ನು ಎರಡೇ ಸಲ ಕಚ್ಚಿ, ಅದೂ ಅವರೇ ಮೊದಲು ಒದ್ದ ಕಾರಣ ಕಚ್ಚಿ, ಇವತ್ತು ಸೇಬಿನ ಜೊತೆ ಬೇಯಲಿರುವ ಬಿಳಿಯ ಹೆಬ್ಬಾತು ಮಠದಮ್ಮನಿಗೆ ಪ್ರಾಣದಾನ ಮಾಡಬೇಕು.

ಆಮೇಲೆ ಮೇಲಿನ ಮೇಜಿನ ಸರದಾರರು ನಕ್ಕರು. ಮೇಜು ಬಡಿದು ಬಡಿದು ನಕ್ಕರು. ಎರಡು ವರ್ಷದಲ್ಲಿ ಇಷ್ಟು ಜನರನ್ನು ಒಟ್ಟಿಗೆ ನಗಿಸಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಬೆಸ್ತರು ಮಾತ್ರ ನಗಲಿಲ್ಲ, ಅವರಿಗೆ ಕೇಳಿಸಿರಲಿಕ್ಕಿಲ್ಲ. ಅವರ ನಡುವೆ ಕೊರಳಿಗೆ ಹಗ್ಗ ಹಾಕಿಕೊಂಡ ಒಬ್ಬ ಮನುಷ್ಯನಿದ್ದ. ಹಬ್ಬದ ವೇಷ ಅಂದುಕೊಂಡೆ. ಅವನತ್ತ ಒಂದು ಸಲ ಕಣ್ಣು ಮಿಟುಕಿಸಿದೆ ಕೂಡ.

ದೊರೆ ಗಡ್ಡವನ್ನು ಕೈಯಿಂದ ಮುಚ್ಚಿಕೊಂಡರು. ನಗು ತಡೆಯುತ್ತಿದ್ದಾರೆ ಅಂತ ನನಗೆ ಖುಷಿ. ಆಮೇಲೆ ಕೊಟ್ಟಿದ್ದೇವೆ ಅಂದರು. ಎದ್ದು ಹೋದರು. ಊಟಕ್ಕೆ ಕೂರಲಿಲ್ಲ.

ಓಫ್ಕ ಎಲ್ಲಿ? ಕೂದಲು ಕಟ್ಟಲು ಬರಲೇ ಇಲ್ಲ.

ನವೆಂಬರ್ ೧೨

ಅದು ವೇಷ ಅಲ್ಲ.

ನವೆಂಬರ್ ೧೨, ಸಂಜೆಯ ಗಂಟೆ

ಬರೆಯಬೇಕು. ಬರೆಯದಿದ್ದರೆ ನಾಳೆ ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ. ನನ್ನನ್ನು ನಾನು ಬಲ್ಲೆ.

ಬೆಳಿಗ್ಗೆ ಓಫ್ಕ ಬಂದಳು. ಕಿಟಕಿಯ ಗೂಡಿನಿಂದ ಆ ಮೂಳೆಯ ಸೂಜಿ ತೆಗೆದು ನನ್ನ ಮಡಿಲಲ್ಲಿ ಇಟ್ಟಳು. ಕೂರಲಿಲ್ಲ. ನಿಂತೇ ಹೇಳಿದಳು. ಈ ಕರಾವಳಿಯವರು ದೊಡ್ಡವರ ಬಾಗಿಲಲ್ಲಿ ಕೂಗುವುದಿಲ್ಲ. ಕಷ್ಟದಲ್ಲಿರುವವನ ಕೈಯ ಉಪಕರಣವನ್ನು ಡ್ಯೂಕನ ಹೆಂಡತಿಯ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಾರೆ. ಅದು ಅಲ್ಲೇ ಬಿದ್ದಿದ್ದರೆ — ಆಗುವುದಿಲ್ಲ ಅಂತ ಅರ್ಥ. ಎತ್ತಿಕೊಂಡರೆ — ನಿನ್ನ ಮಾತು ನಾನು ಆಡುತ್ತೇನೆ ಅಂತ ಕೊಟ್ಟ ವಚನ. ಸುಲಿಕನ ಹೆಂಡತಿ ತೆಕ್ಲ ಇಟ್ಟಿದ್ದಳು. ಮಾರನೆಯ ದಿನ ಬಂದು ನೋಡಿದಳು. ಇರಲಿಲ್ಲ. ಓಡಿ ಹೋಗಿ ಗಂಡನಿಗೆ ಹೇಳಿದಳು.

ಬಿನ್ನಹ ಯಾರ ಪರವೋ ಅವನು ಕೊರಳಿಗೆ ಹಗ್ಗ ಹಾಕಿಕೊಂಡು ಸಭೆಯಲ್ಲಿ ನಿಂತಿರಬೇಕು. ಚರ್ಚಿನೊಳಗೆ ಅಡಗಿ ಕೂತವನಿಗೆ ಕ್ಷಮೆಯಿಲ್ಲ. ಅದಕ್ಕೇ ಸಭೆಯ ಹಿಂದಿನ ದಿನ ಹೊರಗೆ ಬಂದ. ದೇಶ ಬಿಡುವ ಬದಲು ಮನೆಗೆ ಹೋಗಬಹುದು ಅಂತ, ಕೈಯಲ್ಲಿದ್ದ ಹಡಗನ್ನು ಬಿಟ್ಟು ನನ್ನ ಮಾತಿನ ಮೇಲೆ ಹೊರಗೆ ಬಂದ.

ನಾನು ಅವನಿಗೆ ಕಣ್ಣು ಮಿಟುಕಿಸಿದೆ.

ಹತ್ತೊಂಬತ್ತನೆಯ ತಾರೀಕು, ಸಂತ ಎಲಿಜಬೆತ್ತಳ ದಿನ ನೇಣು.

ನನಗೆ ಯಾರೂ ಹೇಳಿರಲಿಲ್ಲ, ಅಂದೆ. ಇದನ್ನೂ ಬರೆಯಬೇಕು: ಮೊದಲು ಬಾಯಿಗೆ ಬಂದ ಮಾತು ಇದು.

ನವೆಂಬರ್ ೧೩

ಪಾದ್ರಿ ಗೊಸ್ಲಾವ್ ಹತ್ತಿರ ಹೋದೆ. ಅವರ ಮೇಲಂಗಿಯ ತೋಳಿಗೆ ತೇಪೆ. ಯಾರೂ ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ, ಜೋರಾಗಿಯೇ. ಅವರು ಸಿಟ್ಟಾಗಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನೆನಪಿಸಿಕೊಂಡರು.

"ಹೇಳಿದ್ದೆನಲ್ಲ ಅಮ್ಮಣ್ಣಿ. ಹೋದ ವರ್ಷ ಇದೇ ತಿಂಗಳು. ಎರಡು ಸಲ ಹೇಳ್ದೆ. ನೀವು ತಲೆ ಆಡಿಸ್ತಾ ಇದ್ರಿ."

ನೆನಪಿದೆ. ಅವತ್ತು ಅವರ ಬೆನ್ನ ಮೇಲಿನ ಟೋಪಿಯೊಳಗೆ ಒಂದೊಂದೇ ಬಟಾಣಿ ಹಾಕುತ್ತಿದ್ದೆ. ಎಷ್ಟು ಹಾಕಿದರೆ ಗೊತ್ತಾಗುತ್ತದೆ ಅಂತ. ಅರವತ್ತೆರಡು. ಬಟಾಣಿಯ ಲೆಕ್ಕ ನೆನಪಿದೆ, ಮಾತು ನೆನಪಿಲ್ಲ.

ನವೆಂಬರ್ ೧೪

ಬಂದರಿಗೆ ಹೋದೆ. ಓಫ್ಕ ಜೊತೆಗೆ ಬರುತ್ತೇನೆ ಅಂದಳು. ಬೇಡ ಅಂದೆ, ಆಮೇಲೆ ಬಾ ಅಂದೆ.

ತೆಕ್ಲ ಗುಡಿಸಲ ಮುಂದೆ ಬಲೆ ಹರಡಿಕೊಂಡು ಕೂತಿದ್ದಳು. ಮೂವತ್ತರ ಆಸುಪಾಸು. ತೊಡೆಯ ಮೇಲೆ ಮಗು ನಿದ್ದೆಹೋಗಿತ್ತು. ಸೂಜಿ ಇಲ್ಲದ್ದರಿಂದ ಕಡ್ಡಿಯೊಂದನ್ನು ಸೀಳಿ ಅದಕ್ಕೆ ದಾರ ಕಟ್ಟಿ ಹೆಣೆಯುತ್ತಿದ್ದಳು. ಕಡ್ಡಿ ಮತ್ತೆ ಮತ್ತೆ ಜಾರುತ್ತಿತ್ತು. ನನ್ನನ್ನು ನೋಡಿ ಏಳಲು ಹೋದಳು. ಮಗು ಅಲುಗಿತು, ಕೂತಳು. ಸೂಜಿ ಕೊಟ್ಟೆ. ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ನಮ್ಮ ಮಾವ ಮಾಡಿದ್ದು. ತಿಮಿಂಗಿಲದ ಮೂಳೆ. ಯಾತಕ್ಕೆ ಚುಚ್ಚಿದ್ರಿ ಅವ್ವಾರೆ, ಹಿಂಗೆ ಮುರಿಯಂಗೆ?"

ಸುಳ್ಳು ಸಿದ್ಧವಿತ್ತು. ಹೇಳಲಿಲ್ಲ. ಪಾದ್ರಿಯ ತೋಳಿನ ಕಥೆ ಹೇಳಿದೆ. ರೆಕ್ಕೆ ಬಡಿದದ್ದು, ಬಲಿಪೀಠ ಸುತ್ತಿದ್ದು. ಅವಳಿಗೆ ನಗು ಬಂತು. ನಿಜವಾಗಿಯೂ ಬಂತು, ಒಂದೇ ಒಂದು ಸಲ, ಮೂಗಿನಿಂದ. ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು, ತಪ್ಪು ಮಾಡಿದವಳ ಹಾಗೆ. ಅವಳು ಬೈದಿದ್ದರೆ ನಾನು ಇವತ್ತು ಸ್ವಲ್ಪ ಊಟ ಮಾಡಬಹುದಿತ್ತು.

ಹೊರಡುವಾಗ ಕೇಳಿದಳು:

"ಬಾತು ಹೆಂಗೈತೆ?"

ಚೆನ್ನಾಗಿದೆ ಅಂದೆ.

"ಉಳ್ಕಂತಲ್ಲ. ಅಷ್ಟಾದ್ರೂ ಆಯ್ತು," ಅಂದಳು. ಕುಹಕವಿಲ್ಲ. ಹುಡುಕಿದೆ, ಅವಳ ಮುಖದಲ್ಲಿ ಎಲ್ಲಾದರೂ ಕುಹಕ ಸಿಕ್ಕೀತು ಅಂತ. ಸಿಗಲಿಲ್ಲ.

ನವೆಂಬರ್ ೧೫

ದೊರೆ ನಾಲ್ಕು ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಇವತ್ತು ಕುದುರೆಲಾಯದಲ್ಲಿ ಹಿಡಿದೆ. ಮಂಡಿಯೂರಲು ಹೋದೆ. ತೋಳು ಹಿಡಿದು ಎಬ್ಬಿಸಿದರು, ಅದೂ ಮೆಲ್ಲಗಲ್ಲ.

"ಅದೊಂದು ಬೇಡ. ನೀನು ಮಂಡಿಯೂರಿದ್ರೆ ನಂಗೆ ಬಾತು ಕಾಣುತ್ತೆ."

ಇನ್ನೊಂದು ಸಲ ಕೇಳುವ ಹಾಗಿಲ್ಲ, ಅಂದರು. ಕಲ್ಲಿನ ಕಾನೂನಿನ ಮೇಲೆ ಆಣೆ ಮಾಡಿ ಹೋದ ವರ್ಷ ಇಬ್ಬರನ್ನು ನೇಣಿಗೆ ಹಾಕಿದವರು, ಈ ವರ್ಷ ತಾವಾಗಿಯೇ ಒಬ್ಬನನ್ನು ಬಿಟ್ಟರೆ ಆ ಇಬ್ಬರ ಹೆಂಡಿರು ಬಂದು ಕೇಳುತ್ತಾರೆ. ಕೇಳಬೇಕಾದ್ದೇ. ಆ ಗೋಡೆಯಲ್ಲಿ ಇರುವ ಕಿಂಡಿ ಒಂದೇ, ಹೆಂಡತಿಯ ಮಾತು. ಅದಕ್ಕೊಂದು ಹಬ್ಬ, ಅದಕ್ಕೊಂದು ದಿನ.

ಆಮೇಲೆ ಕುದುರೆಯ ಕುತ್ತಿಗೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದರು:

"ಅವನನ್ನ ನೇಣಿಗೆ ಹಾಕೋಕೆ ನಂಗೂ ಮನಸ್ಸಿರಲಿಲ್ಲ ರಾದ್ಕ. ಅವನು ಹೊರಗೆ ಬಂದ ಅಂತ ಕೇಳಿ, ಸದ್ಯ, ಇವಳು ಎತ್ಕೊಂಡಳು ಅಂದ್ಕೊಂಡೆ. ಆ ದಿನ ನಿದ್ದೆ ಚೆನ್ನಾಗಿ ಬಂತು."

ನಾನು ಎರಡು ವರ್ಷ ಎಡಗಡ್ಡ ಅಲುಗುವುದನ್ನು ಕಾಯುತ್ತಿದ್ದೆ. ಈ ಮನುಷ್ಯ ಎರಡು ವರ್ಷ ಏನು ಕಾಯುತ್ತಿದ್ದ ಅಂತ ಒಮ್ಮೆಯೂ ಕೇಳಿರಲಿಲ್ಲ.

ನವೆಂಬರ್ ೧೬

ಪಾದ್ರಿ ಗೊಸ್ಲಾವ್ ಒಂದು ದಾರಿ ಹುಡುಕಿದ್ದಾರೆ. ತೇಪೆ ಹಾಕಿದ ತೋಳಿನಿಂದ ಪುಸ್ತಕ ಮಗುಚುತ್ತ, ಎರಡು ದಿನ ನಿದ್ದೆಗೆಟ್ಟು. ನನಗಾಗಿ ಅಲ್ಲ ತಾನೇ, ಅಂದೆ. ನಿಮಗಾಗಿಯೂ, ಅಂದರು.

ಆಶ್ರಯದಲ್ಲಿದ್ದವನು ತಾನಾಗಿ ಹೊರಬಂದರೆ ಆಶ್ರಯ ಮುಗಿಯಿತು. ಆದರೆ ಸುಳ್ಳು ವಚನ ಕೊಟ್ಟು ಹೊರಗೆಳೆದಿದ್ದರೆ ಅವನು ಹೊರಬಂದವನಲ್ಲ, ಚರ್ಚಿನಿಂದ ಕದ್ದೊಯ್ದ ಸೊತ್ತು. ಚರ್ಚು ಅವನನ್ನು ಮರಳಿ ಕೇಳಬಹುದು. ಉಳಿದ ಎಂಟು ದಿನವೂ ಸಿಗುತ್ತದೆ, ಹಡಗೂ ಸಿಗುತ್ತದೆ. ಮನೆ ಸಿಗುವುದಿಲ್ಲ. ಜೀವ ಸಿಗುತ್ತದೆ.

ಅದಕ್ಕೆ ವಚನ ಕೊಟ್ಟವಳು ಚರ್ಚಿನ ಬಾಗಿಲಲ್ಲಿ, ಎಲ್ಲರ ಮುಂದೆ, ಅದು ಸುಳ್ಳು ಅಂತ ಹೇಳಬೇಕು. ಒಳನಾಡಿನವಳು, ಗೊತ್ತಿರಲಿಲ್ಲ — ಅಂದರೆ ಸಾಲದೇ ಅಂತ ಕೇಳಿದೆ. ಸಾಲದು. ಗೊತ್ತಿಲ್ಲದೆ ಮಾಡಿದ್ದು ಸುಳ್ಳಲ್ಲ, ಬರೀ ಎಡವಟ್ಟು. ಎಡವಟ್ಟಿಗೆ ಕಾನೂನಿನಲ್ಲಿ ಜಾಗವಿಲ್ಲ.

"ನಿಮಗೆ ಮೊದಲೇ ಹೇಳಿದ್ದೆ. ಅದನ್ನ ಹೇಳಬೇಕು," ಅಂದರು.

ದೊರೆಗೆ ತಿಳಿಸಿದೆ. ಬೇಡ ಅನ್ನುತ್ತಾರೆ ಅಂತ ಒಂದು ಮೂಲೆಯಲ್ಲಿ ಆಸೆಯಿತ್ತು. ಅನ್ನಲಿಲ್ಲ. ಇನ್ನು ಮುಂದೆ ಯಾರೂ ನಿನ್ನ ಹೊಸ್ತಿಲ ಮೇಲೆ ಏನೂ ಇಡುವುದಿಲ್ಲ, ಅದು ಗೊತ್ತಿರಲಿ, ಅಂದರು. ಅವರ ಮೊದಲ ಹೆಂಡತಿ ಹನ್ನೊಂದು ಮಂದಿಯನ್ನು ಉಳಿಸಿದ್ದಳಂತೆ. ಓಫ್ಕ ಆ ಹನ್ನೊಂದು ಮಂದಿಯ ಉಪಕರಣಗಳನ್ನು ಒಂದೊಂದಾಗಿ ಬಾಯಿಪಾಠ ಹೇಳಿದಳು. ಕೊಡಲಿ, ಕುಂಬಾರನ ಹಲಗೆ, ಕುರಿಗತ್ತರಿ...

ನಾನು ಒಂದು ಬಾತು.

ನವೆಂಬರ್ ೧೭, ಭಾನುವಾರ

ಹೋದೆ.

ಅದೇ ವೇಷ. ಬಿಚ್ಚಿದ ಕೂದಲು, ಬರಿಗಾಲು. ಸಭೆಗೆ ಹೋದಾಗ ನೆಲ ತಣ್ಣಗಿದೆ ಅಂತ ಬರೆದಿದ್ದೆ. ಅದೇನೂ ತಣ್ಣಗಲ್ಲ. ಬಂದರಿನ ಚರ್ಚಿನ ಮೆಟ್ಟಿಲ ಮೇಲೆ ಮೀನಿನ ಪೊರೆ, ಹೆಪ್ಪುಗಟ್ಟಿದ ಮಂಜು. ಪೂಜೆ ಮುಗಿಸಿ ಹೊರಬಂದವರು ನನ್ನನ್ನು ನೋಡಿ ನಿಂತರು. ಸರದಾರರೂ ಇದ್ದರು. ಹೊಸ ತಮಾಷೆ ಅಂದುಕೊಂಡರು. ಹಿಂದಿನಿಂದ ಒಬ್ಬ, ಈ ಸಲ ಯಾರು ದೊರೆಸಾನಿ, ಹಂದಿಯಾ, ಅಂದ. ನಕ್ಕರು.

ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದೆ. ಎಲ್ಲ ಮರೆತುಹೋಯಿತು. ಒಳ್ಳೆಯದೇ ಆಯಿತು, ಬಾಯಿಪಾಠ ಮಾಡಿದ್ದರಲ್ಲಿ ಅಲ್ಲಲ್ಲಿ ಚೆಂದದ ಮಾತುಗಳಿದ್ದವು.

"ಸೂಜಿ ಎತ್ಕೊಂಡವಳು ನಾನು. ಎತ್ಕೊಂಡ್ರೆ ಏನರ್ಥ ಅಂತ ನಂಗೆ ಎರಡು ಸಲ ಹೇಳಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ. ಆಟ ಆಡ್ತಾ ಇದ್ದೆ. ಆ ಸೂಜಿಯಿಂದಾನೂ ಆಟ ಆಡ್ದೆ. ಸುಲಿಕ ಹೊರಗೆ ಬಂದಿದ್ದು ನನ್ನ ಸುಳ್ಳಿನಿಂದ."

ಇನ್ನೂ ಕೆಲವರು ನಗುತ್ತಲೇ ಇದ್ದರು. ಮುಂದೆ ಏನೋ ಬರುತ್ತದೆ ಅಂತ ಕಾಯುತ್ತಿದ್ದರು. ಒಂದು ಮಾತು, ಒಂದೇ ಒಂದು ಹುಬ್ಬು ಹಾರಿಸಿದ್ದರೆ ಸಾಕಿತ್ತು, ಎಲ್ಲರೂ ನನ್ನ ಕಡೆ ಆಗಿಬಿಡುತ್ತಿದ್ದರು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಏನು ಅಂತ ಇಲ್ಲಿಯೂ ಬರೆಯುವುದಿಲ್ಲ. ಮುಂದೆ ಏನೂ ಇಲ್ಲ, ಇಷ್ಟೇ, ಅಂದೆ. ನಗು ಒಬ್ಬೊಬ್ಬರಲ್ಲೇ ಆರಿತು.

ಪಾದ್ರಿ ಗೊಸ್ಲಾವ್ ಮುಂದೆ ಬಂದು ಚರ್ಚಿನ ಪರವಾಗಿ ಮನುಷ್ಯನನ್ನು ಕೇಳಿದರು. ದೊರೆ ಕುದುರೆಯ ಮೇಲಿಂದ ಇಳಿದರು. ಒಯ್ಯಿರಿ ಅಂದರು. ಅಷ್ಟೇ. ಕಾವಲಿನವರು ಸುಲಿಕನನ್ನು ಮುಂದೆ ತಂದು ಹಗ್ಗ ಬಿಚ್ಚಿದರು. ಸುಲಿಕ ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದ. ಕುಳ್ಳ, ಕಿವಿ ದೊಡ್ಡದು. ನನ್ನನ್ನು ನೋಡಲಿಲ್ಲ. ತೆಕ್ಲ ನೋಡಿದಳು.

ಕೋಟೆಗೆ ಮರಳಿದಾಗ ಅಂಗಳದಲ್ಲಿ ಮಠದಮ್ಮ ಎದುರಿಗೆ ಬಂತು. ಕುತ್ತಿಗೆಗೆ ಯಾರೋ ಕೆಂಪು ಪಟ್ಟಿ ಕಟ್ಟಿದ್ದರು. ನನ್ನ ಹಿಂದೆಯೇ ಮೆಟ್ಟಿಲವರೆಗೆ ಬಂತು.

ನವೆಂಬರ್ ೨೫

ಹಡಗು ಹೊರಟಿತು. ಗೋಡೆಯ ಮೇಲಿಂದ ನೋಡಿದೆ, ಹತ್ತಿರ ಹೋಗುವ ಮುಖವಿರಲಿಲ್ಲ. ಸುಲಿಕನ ಕೈಯಲ್ಲಿ ಒಂದು ಗಂಟು. ತೆಕ್ಲ ಮಗುವನ್ನು ಎತ್ತಿಕೊಂಡು ನೀರಿನಲ್ಲಿ ಮೊಣಕಾಲವರೆಗೆ ನಿಂತಿದ್ದಳು. ಅವಳ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಬಿಟ್ಟು ಹೋಗುವಂತಿಲ್ಲವಂತೆ. ಸತ್ತಿಲ್ಲವಲ್ಲ ಅಂತ ನಾನು ಓಫ್ಕಳಿಗೆ ಹೇಳಿದೆ. ಹೌದು ಅಂದಳು. ಎರಡು ಸಲ ಹೇಳಿದೆ. ಎರಡನೆಯ ಸಲಕ್ಕೆ ಹೌದು ಅನ್ನಲಿಲ್ಲ.

ಫೆಬ್ರವರಿ ೨

ಮಠದಮ್ಮನನ್ನು ಎಲ್ಲಾದರೂ ಕಳಿಸಿಬಿಡೋಣ ಅಂತ ಮೇಲ್ವಿಚಾರಕರನ್ನು ಕೇಳಿದೆ. ಆಗುವುದಿಲ್ಲ. ದೊರೆ ಸಭೆಯಲ್ಲಿ ಪ್ರಾಣದಾನ ಕೊಟ್ಟ ಜೀವ. ಯಾರೂ ಮುಟ್ಟುವ ಹಾಗಿಲ್ಲ, ಅಂಗಳದಿಂದ ಓಡಿಸುವ ಹಾಗೂ ಇಲ್ಲ. ಹೊರಗಿನಿಂದ ಬಂದವರಿಗೆ ತೋರಿಸುತ್ತಾರೆ. ಇದೇ ಆ ಬಾತು ಅನ್ನುತ್ತಾರೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾರೆ. ನಾನು ಒಳಗೆ ಸರಿಯುತ್ತೇನೆ.

ಹೆಬ್ಬಾತು ಇಪ್ಪತ್ತು ವರ್ಷ ಬದುಕುತ್ತದಂತೆ.

ಕೀರ್ತನೆ ಒಂಬತ್ತು ಮುಗಿದವು.

ಜೂನ್ ೨೪

ಪಾದ್ರಿ ಗೊಸ್ಲಾವ್ ತಾವಾಗಿಯೇ ಕೇಳಿದರು, ಯಾಕೆ ಅಮ್ಮಣ್ಣಿ, ನನ್ನ ಟೋಪಿ ಈಗ ಖಾಲಿ, ಅಂತ. ಬಟಾಣಿ ಗೊತ್ತಿತ್ತೇ ಅಂದೆ. ಮೊದಲ ದಿನದಿಂದಲೂ ಗೊತ್ತಿತ್ತಂತೆ. ಕೋಣೆಗೆ ಹೋಗಿ ಕೋಳಿಗಳಿಗೆ ಹಾಕುತ್ತಿದ್ದರಂತೆ. ನನಗೆ ಅಳು ಬಂತು. ತೊಡೆ ಚಿವುಟಿಕೊಂಡಿರಲಿಲ್ಲ.

ಅಕ್ಟೋಬರ್ ೩೦

ಪ್ರತಿ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಹೊಸ್ತಿಲು ನೋಡುತ್ತೇನೆ. ಕಲ್ಲು. ಬರೀ ಕಲ್ಲು. ಓಫ್ಕ ಅದನ್ನು ಗುಡಿಸುವುದನ್ನು ಬಿಟ್ಟಿದ್ದಾಳೆ, ಅಪ್ಪಿತಪ್ಪಿ ಏನಾದರೂ ಸರಿದುಹೋದೀತು ಅಂತ. ದೂಳು ನಾನೇ ಒರೆಸುತ್ತೇನೆ.

ಈ ವರ್ಷ ಯಾರೂ ಇಡದಿದ್ದರೆ ಸಭೆಯಲ್ಲಿ ಏನು ಮಾಡಬೇಕು ಅಂತ ದೊರೆಯನ್ನು ಕೇಳಿದೆ. ಬಂದು ಮಂಡಿಯೂರಿ, ನನ್ನ ಹತ್ತಿರ ಯಾರೂ ಬರಲಿಲ್ಲ, ಅಂತ ಹೇಳಬೇಕಂತೆ. ಹೇಳುತ್ತೇನೆ ಅಂದೆ. ಗಡ್ಡದ ಎಡಭಾಗ ಅಲುಗಿತು. ನಗುವಿಗಲ್ಲ.

ನವೆಂಬರ್ ೯, ಪ್ರಾರ್ಥನೆಯ ಗಂಟೆಗೆ ಮುಂಚೆ

ಹೊಸ್ತಿಲ ಮೇಲೆ ಏನೋ ಇದೆ.

ಮುಟ್ಟಿಲ್ಲ. ಓಡಿಬಂದು ಬರೆಯುತ್ತಿದ್ದೇನೆ, ಅವಸರದಲ್ಲಿ ಕೈ ಹಾಕದಿರಲಿ ಅಂತ. ಮೂಳೆಯ ಸೂಜಿ. ಹಿಡಿಯುವ ಜಾಗ ಸವೆದು ಬೆಣ್ಣೆಯಂತಾಗಿದೆ. ತುದಿ ಮುರಿದಿದೆ, ಮುರಿದ ಜಾಗವನ್ನು ಯಾರೋ ಕಲ್ಲಿಗೆ ಉಜ್ಜಿ ಮತ್ತೆ ಚೂಪು ಮಾಡಿದ್ದಾರೆ. ವರ್ಷವೆಲ್ಲ ಅದರಲ್ಲೇ ಹೆಣೆದಿದ್ದಾಳೆ.

ಗಂಡನನ್ನು ಮನೆಗೆ ಕರೆಸಿಕೊಡಿ ಅಂತ ಕೇಳುತ್ತಿದ್ದಾಳೆ. ನನ್ನನ್ನು. ಇಡುವಾಗ ಅವಳ ಕೈಗೆ ಹೇಗಾಗಿರಬೇಡ. ಬೇರೆ ಹೊಸ್ತಿಲು ಇರಲಿಲ್ಲ ಅವಳಿಗೆ, ಅಷ್ಟೇ. ಇದರಲ್ಲಿ ನಾನು ಹಿಗ್ಗುವಂಥದ್ದು ಏನೂ ಇಲ್ಲ.

ಎತ್ತಿಕೊಳ್ಳುವ ಮುಂಚೆ ಓಫ್ಕಳನ್ನು ಕರೆಯಬೇಕು, ಪಾದ್ರಿಯನ್ನು ಕರೆಯಬೇಕು, ಅವರ ಕಣ್ಣೆದುರೇ ಎರಡೂ ಕೈಯಲ್ಲಿ ಎತ್ತಬೇಕು. ಉಳಿದ ಎರಡು ದಿನದಲ್ಲಿ ಹಡಗು ಅವನನ್ನು ಕರೆತರಬಲ್ಲದೇ, ಅವನು ಸಭೆಯ ದಿನ ಇಲ್ಲಿ ನಿಂತಿರಲೇಬೇಕೇ, ಗೊತ್ತಿಲ್ಲ. ಈ ಸಲ ಕೇಳಬೇಕು. ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಗಂಟೆ ಬಾರಿಸಿತು, ಹೊರಟೆ.